ತೂಕದ ನೀರು

ಅವ್ವ ಹುಣಸೆಹಣ್ಣು ಹಿಸುಕಿ ರಸ ತೆಗೆದು ಬಟ್ಟಲಲ್ಲಿಟ್ಟಳು. ನಾನು ಬಚ್ಚಲ ಕಲ್ಲಿನ ಮೇಲೆ ನೀಲುವಿನ ಉಡಿದಾರವನ್ನು ಹರಡಿಕೊಂಡು, ಅದರಲ್ಲಿ ಪೋಣಿಸಿದ ಸೀಸದ ಗುಂಡುಗಳಿಗೆ ಒಂದೊಂದಾಗಿ ರಸ ಸವರಿ ತೆಂಗಿನ ನಾರಿನಲ್ಲಿ ತಿಕ್ಕತೊಡಗಿದೆ. ಇಬ್ಬರೂ ಮಾತಾಡಲಿಲ್ಲ. ಮಗುವಿನ ತೂಕ ಬಿಚ್ಚಿದ್ದಾಗ ಯಾರೂ ಮಾತಾಡಬಾರದು, ಯಾರಾದರೂ ಕರೆದರೆ ಓಗೊಡಬಾರದು. ನಮ್ಮೂರಿನ ಎಲ್ಲ ಮನೆಗಳಲ್ಲೂ ಈ ನೇಮವಿದೆ. ನನ್ನ ಅಣ್ಣನ ಮಗಳು ನೀಲು ಅಷ್ಟು ಹೊತ್ತೂ ನಡುಮನೆಯ ಕಂಬಕ್ಕೆ ಕಟ್ಟಿದ ಹಳೆಯ ಸೀರೆಯ ತುದಿಯಲ್ಲಿ, ಜಂತೆಗೆ ಬೆನ್ನು ತಾಗಿಸಿಕೊಂಡು ತೇಲುತ್ತಿದ್ದಳು. ಹೋದ ವರ್ಷ ಇಂಥ ಹೊತ್ತಿನಲ್ಲಿ ಅವಳು ಜಂತೆಯ ಸಂದಿನಿಂದ ಜೇಡರ ಬಲೆ ಕಿತ್ತು ಅವ್ವನ ತಲೆಯ ಮೇಲೆ ಹಾಕಿ ಕೇಕೆ ಹೊಡೆಯುತ್ತಿದ್ದಳು. ಗದರಿಸುವಂತಿಲ್ಲವಲ್ಲ, ಅವ್ವ ತಲೆ ತಗ್ಗಿಸಿಕೊಂಡು ನಗು ತಡೆಯುತ್ತಿದ್ದಳು. ಈಗ ನೀಲು ಬಾಯಿ ಸ್ವಲ್ಪ ತೆರೆದುಕೊಂಡು ಒಂದೇ ಕಡೆ ನೋಡುತ್ತಿದ್ದಳು. ಜೇಡರ ಬಲೆ ಅವಳ ಕಿವಿಗೇ ಅಂಟಿಕೊಂಡಿತ್ತು.

ಗುಂಡುಗಳಿಗೆ ಹೊಳಪು ಬಂತು. ಬಟ್ಟಲಿನಲ್ಲಿ ಬೂದು ಬಣ್ಣದ ನೀರು ಉಳಿಯಿತು. ಅದನ್ನು ಅವ್ವ ಚೆಲ್ಲಲಿಲ್ಲ, ಯಾರೂ ಚೆಲ್ಲುವುದಿಲ್ಲ. ಅದು ತೂಕದ ನೀರು. ಉಡಿದಾರ ಮಗುವಿನ ಮೈಯನ್ನು ಹಿಡಿದಿಡುತ್ತದೆ, ಈ ನೀರು ಮನಸ್ಸನ್ನು ಹಿಡಿದಿಡುತ್ತದೆ ಅನ್ನುತ್ತಾರೆ. ಸೀರೆ ಎಳೆದು ನೀಲುವನ್ನು ಇಳಿಸಿ, ಉಡಿದಾರ ಕಟ್ಟಿ, ಅವ್ವ ಬೆರಳನ್ನು ಬಟ್ಟಲಿನಲ್ಲಿ ಅದ್ದಿ ಅವಳ ನಾಲಿಗೆಗೆ ಸವರಿದಳು. ನೀಲು ಚಪ್ಪರಿಸಿದಳು. ಆ ರುಚಿ ನನಗಿನ್ನೂ ನೆನಪಿದೆ. ಹುಣಸೆಹಣ್ಣು ಹಾಕಿದ್ದರೂ ಅದು ಸಿಹಿಯಾಗಿಯೇ ಇರುತ್ತದೆ.

"ನೋಡು, ಎಷ್ಟು ಸುಮ್ಮನಾಗವ್ಳೆ ಈಗ," ಅಂದಳು ಅವ್ವ. "ನೆಲ ಹಿಡಿದ್ಲು ನನ್ ಕಂದ."

ನಮ್ಮೂರಲ್ಲಿ ಮಕ್ಕಳ ಬಗ್ಗೆ ಹೇಳುವ ದೊಡ್ಡ ಮೆಚ್ಚುಗೆ ಇದು. ನೆಲ ಹಿಡಿದ ಮಗು. ನಮ್ಮಲ್ಲಿ ಹುಟ್ಟಿದ ಕೂಸುಗಳು ಕತ್ತು ನಿಲ್ಲುವ ಹೊತ್ತಿಗೆ ಹಾಸಿಗೆ ಬಿಟ್ಟು ಏಳುತ್ತವೆ, ಹಾಲುಹಲ್ಲು ಬೀಳುವ ತನಕ ಏಳುತ್ತಲೇ ಇರುತ್ತವೆ. ಬೇರೆ ಊರಿಗೆ ಕರೆದುಕೊಂಡು ಹೋದರೂ ಅಷ್ಟೆ. ಹೋದವರೆಲ್ಲ ಅಲ್ಲಿನ ಜನ ಗುಂಪು ಕಟ್ಟಿಕೊಂಡು ನೋಡುವುದನ್ನು ಸಹಿಸಲಾರದೆ ತಿರುಗಿ ಬಂದಿದ್ದಾರೆ. ಹಿಂದಿನವರು ಕಲ್ಲು ಕಟ್ಟಿ ನೋಡಿದರಂತೆ, ಸೊಂಟ ಹುಣ್ಣಾಯಿತು. ಮರಳಿನ ಚೀಲ ಕಟ್ಟಿದರು, ಸೋರಿತು. ಸೀಸ ಮೆತ್ತಗೆ, ಚಿಕ್ಕದು, ಭಾರ. ಹಲ್ಲು ಬರುವಾಗ ಕಚ್ಚಿದರೂ ವಸಡಿಗೆ ನೋವಾಗುವುದಿಲ್ಲ. ಮಕ್ಕಳು ಅತ್ತರೆ ತಾಯಂದಿರು ಉಡಿದಾರದ ತುದಿಯ ಗುಂಡನ್ನೇ ಬಾಯಿಗೆ ಕೊಡುತ್ತಾರೆ.

ನಾನು ಹುಟ್ಟುವ ಮೊದಲು ಅವ್ವನಿಗೆ ರೇವಣ್ಣ ಅಂತ ಒಬ್ಬ ಮಗನಿದ್ದ. ಒಂದು ಸಲ ತೂಕ ತೊಳೆಯುತ್ತಿದ್ದಾಗ ಬಾಗಿಲಲ್ಲಿ ಬಳೆಗಾರ ಕೂಗಿದ. ಅವ್ವ ನೇಮ ಮರೆತು "ಬಂದೆ ಇರಪ್ಪಾ" ಎಂದು ಎದ್ದಳು. ಕಂಬದ ಗಂಟು ಸಡಿಲವಿತ್ತೋ, ಮಗುವೇ ಬಿಚ್ಚಿಕೊಂಡಿತೋ, ತೆರೆದೇ ಇದ್ದ ಹಿತ್ತಲ ಬಾಗಿಲಿನಿಂದ ರೇವಣ್ಣ ಹೊರಗೆ ಹೋಗಿ ಮೇಲಕ್ಕೆ ಹೋದ. ಅವ್ವ ನುಗ್ಗೆಮರ ಹತ್ತಿದಳಂತೆ. ಬಳೆಗಾರ ಕೆಳಗೆ ನಿಂತು ಅಳುತ್ತಿದ್ದನಂತೆ. ಇದನ್ನೆಲ್ಲ ನನಗೆ ಹೇಳಿದ್ದು ಎದುರುಮನೆ ಗಂಗಮ್ಮ. ಅವ್ವ ಒಂದು ದಿನವೂ ಹೇಳಿಲ್ಲ. ಅವಳು ಆಕಾಶ ನೋಡುವುದಿಲ್ಲ. ಹಪ್ಪಳ ಒಣಹಾಕುವ ಮೊದಲು ಮೋಡ ಇದೆಯಾ ಎಂದು ನನ್ನನ್ನು ಕೇಳುತ್ತಾಳೆ.

ಅವನ ನಂತರ ಹುಟ್ಟಿದ ಅಣ್ಣನಿಗೂ ನನಗೂ ಅವ್ವ ಬೇರೆಯವರಿಗಿಂತ ಹೆಚ್ಚು ಗುಂಡು ಕಟ್ಟಿದಳು.

ನಮ್ಮೂರು ಕೆಟ್ಟ ಊರಲ್ಲ. ಜನ ಸ್ವಲ್ಪ ಮರೆಯುತ್ತಾರೆ, ಅಷ್ಟೆ. ಸಂತೆಗೆ ಹೋಗುವವರು ತರಬೇಕಾದ ಸಾಮಾನಿಗೆಲ್ಲ ಸೆರಗಿಗೂ ಟವಲಿಗೂ ಗಂಟು ಹಾಕಿಕೊಂಡು ಹೋಗುತ್ತಾರೆ. ಸಂತೆಯಲ್ಲಿ ನಿಂತು ಈ ಗಂಟು ಯಾವುದಕ್ಕೆ ಎಂದು ಒಬ್ಬರನ್ನೊಬ್ಬರು ಕೇಳುತ್ತಾರೆ. ಗಂಗಮ್ಮ ಒಂದು ಸಲ ಆರು ಗಂಟಿಗೂ ಉಪ್ಪನ್ನೇ ತಂದಳು. ಅಂಗಡಿಗಳ ಮೇಲೆ ಹೆಸರಿಲ್ಲ, ಚಿತ್ರವಿದೆ. ಲೋಟದ ಚಿತ್ರವಿದ್ದರೆ ಹೋಟೆಲು, ಕತ್ತರಿಯಿದ್ದರೆ ಕ್ಷೌರದವನು. ಕೋಪ ಬೇಗ ಬರುತ್ತದೆ, ಬಂದದ್ದು ಯಾಕೆಂದು ಬೇಗ ಮರೆತೂ ಹೋಗುತ್ತದೆ. ಬೀದಿಯಲ್ಲಿ ಹೊಡೆದಾಡಿದ ಇಬ್ಬರು ಅರ್ಧ ದಾರಿಯಲ್ಲಿ ನಿಂತು, ಶುರುವಾದದ್ದು ಹೇಗೆ ಎಂದು ಸುತ್ತ ನೋಡುವುದನ್ನು ನಾನು ಕಂಡಿದ್ದೇನೆ. ಶಾಲೆಗೆ ಹೊರಗಿನಿಂದ ಮೇಷ್ಟ್ರು ಬರುತ್ತಾರೆ. ಮೊದಲು ಉತ್ಸಾಹದಿಂದ ಕಲಿಸುತ್ತಾರೆ, ಆಮೇಲೆ ಬೈಯುತ್ತಾರೆ, ಆಮೇಲೆ ವರ್ಗ ಮಾಡಿಸಿಕೊಂಡು ಹೋಗುತ್ತಾರೆ. ನಾನು ಐದನೆಯ ತರಗತಿಗೆ ಬಿಟ್ಟೆ. ಅಕ್ಷರ ಬರುತ್ತಿತ್ತು, ಆದರೆ ಸಾಲಿನ ಕೊನೆಗೆ ಹೋಗುವಷ್ಟರಲ್ಲಿ ಮೊದಲು ಏನಿತ್ತೆಂಬುದು ಜಾರಿ ಹೋಗುತ್ತಿತ್ತು. ಎಲ್ಲರ ಮುಂದೆ ನಿಲ್ಲಿಸಿ ಕೇಳಿದರೆ ಬಾಯಿ ಒಣಗುತ್ತಿತ್ತು. ಆಗಿನಿಂದ ನಾನು ನಾಲ್ಕು ಜನರಿರುವ ಕಡೆ ಮಾತಾಡುವುದಿಲ್ಲ. ನೋಡುತ್ತ ಕೂರುತ್ತೇನೆ.

ಹಾಗೆ ನೋಡುತ್ತಿದ್ದದ್ದರಿಂದಲೇ ನೀಲುವಿನದು ನನ್ನ ಕಣ್ಣಿಗೆ ಬಿತ್ತು. ಎರಡು ವರ್ಷದವಳಿದ್ದಾಗ ಅವಳು ಒಂದು ಕ್ಷಣ ಬಾಯಿ ಮುಚ್ಚುತ್ತಿರಲಿಲ್ಲ. ಇರುವೆಗೆ ಇಂದವ್ವ ಎಂದು ಹೆಸರಿಟ್ಟಿದ್ದಳು. ಒಲೆಗೆ ಹೊಟ್ಟೆ ನೋಯುತ್ತಿದೆ, ಅದಕ್ಕೇ ಹೊಗೆ ಬಿಡುತ್ತದೆ ಎಂದು ಹೇಳಿ ಅತ್ತಿಗೆಯನ್ನು ನಗಿಸಿದ್ದಳು. ಆಮೇಲೆ ಮಾತು ಒಂದೊಂದಾಗಿ ಹೋಯಿತು. ಮೊದಲು ಇಂದವ್ವ ಹೋಯಿತು. ಬಾಗಿಲು, ಹಾಲು, ಚಂದಮಾಮ ಕೂಡ ಹೋದವು. ಬೇಕಾದ್ದನ್ನು ಬೆರಳು ಮಾಡಿ ತೋರಿಸತೊಡಗಿದಳು. ಅರ್ಥವಾಗದಿದ್ದರೆ ಕಚ್ಚತೊಡಗಿದಳು. ಹೊಟ್ಟೆ ಹಿಡಿದುಕೊಂಡು ಮಡಚಿ ಮಲಗುತ್ತಿದ್ದಳು, ತಲೆಯನ್ನು ಗೋಡೆಗೆ ಮೆಲ್ಲಗೆ ಬಡಿಯುತ್ತಿದ್ದಳು. ನೋಡಿದವರು ಗಟ್ಟಿಯಾದ ಮಗು ಎಂದರು. ಎಲ್ಲ ಮನೆಯ ಮಕ್ಕಳೂ ಮೂರಕ್ಕೆ ಹೀಗೆಯೇ ಆಗುತ್ತವೆ, ಎಲ್ಲರಿಗೂ ಸಂತೋಷವೇ ಆಗುತ್ತದೆ. ನನಗೂ ಆಗುತ್ತಿತ್ತೋ ಏನೋ, ಜೈತುನಕ್ಕನ ಮಗನನ್ನು ನೋಡದೆ ಇದ್ದಿದ್ದರೆ.

ಜೈತುನಕ್ಕ ಹೊರಗಿನವಳು. ಹಿಂದಿನ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ನಾನು ಮಧ್ಯಾಹ್ನ ಹೋಗಿ ರವಿಕೆಗಳಿಗೆ ಹುಕ್ಕು ಹಾಕಿಕೊಡುತ್ತೇನೆ. ಅವಳ ಮಗ ಮೈಬು ಇಲ್ಲಿಯೇ ಹುಟ್ಟಿದ್ದರಿಂದ ಅವನೂ ಏಳುತ್ತಾನೆ. ಆದರೆ ಅವಳು ಸೀಸ ಕಟ್ಟಿಲ್ಲ. ಬಟ್ಟೆಯ ಅಂಚುಗಳನ್ನು ಹೆಣೆದು ಹಗ್ಗ ಮಾಡಿ, ಎದೆಗೂ ತೊಡೆಗೂ ಸುತ್ತಿಬರುವ ಅಂಗಿಯೊಂದನ್ನು ಹೊಲಿದು, ಅದಕ್ಕೆ ಹಗ್ಗ ಸಿಕ್ಕಿಸಿ ತುದಿಯನ್ನು ತನ್ನ ಸೊಂಟಕ್ಕೆ ಕಟ್ಟಿಕೊಂಡಿದ್ದಾಳೆ. ಅವಳು ಮಷೀನು ತುಳಿಯುತ್ತಿದ್ದರೆ ಅವನು ಮೇಲೆ ತೇಲುತ್ತ ನಮ್ಮ ಕೆಲಸಕ್ಕೆಲ್ಲ ತಪ್ಪು ಹುಡುಕುತ್ತಾನೆ. ಅವನೂ ನೀಲುವೂ ಒಂದೇ ತಿಂಗಳಲ್ಲಿ ಹುಟ್ಟಿದವರು.

"ದಾಕ್ಷಕ್ಕಾ, ನಿನ್ ಬೈತಲೆ ಸೊಟ್ಟಗದೆ," ಎಂದ ಒಂದು ದಿನ ನನ್ನ ತಲೆ ನೋಡಿ.

"ಮೈಬೂ, ಬಾಯಿ ಮುಚ್ಕೊಂಡು ಇರೋ," ಎಂದಳು ಜೈತುನಕ್ಕ.

"ಬಾಯಿ ಮುಚ್ಚಿದ್ರೆ ಗಾಳಿ ಎಲ್ಲಿಂದ ಬರ್ತದಮ್ಮ?"

"ಮೂಗೈತಲ್ಲಪ್ಪ ನಿಂಗೆ."

"ಮೂಗಲ್ಲಿ ಗೊಣ್ಣೆ ಐತೆ."

ನಾನು ನಕ್ಕೆ. ನಗುತ್ತ ಹುಕ್ಕು ಹಾಕುತ್ತಿದ್ದಾಗ ಸೂಜಿ ಬೆರಳಿಗೆ ಚುಚ್ಚಿತು. ಬೆರಳು ಬಾಯಲ್ಲಿಟ್ಟುಕೊಂಡಾಗ ಇದ್ದಕ್ಕಿದ್ದಂತೆ ಅಳು ಬಂತು. ನೀಲುವೂ ಹೀಗೆಯೇ ಮಾತಾಡುತ್ತಿದ್ದಳು ಎಂದು ಜೈತುನಕ್ಕನಿಗೆ ಹೇಳಿದೆ. ಅವಳು ಮಷೀನು ನಿಲ್ಲಿಸಿದಳು.

"ಹೇಳಿದ್ರೆ ನಿಮ್ಮೋರು ನನ್ನ ಅಂಗಡಿ ಕಿತ್ತಾಕ್ತಾರೆ ತಂಗಿ. ಅದಕ್ಕೇ ಇಷ್ಟು ದಿನ ಸುಮ್ಕಿದ್ದೆ," ಅಂದಳು. "ನಂಗೆ ಮೊದಲ್ನೇದು ಮಗಳು. ಆಗ ನಾವು ಹಳೇ ಬ್ಯಾಟ್ರಿ ಒಡೆಯೋ ಶೆಡ್ಡಲ್ಲಿ ಕೆಲಸಕ್ಕಿದ್ವಿ. ಒಳಗಿಂದ ಸೀಸ ತೆಗೆದು ಕರಗಿಸೋದು. ಮಗಳು ಅಲ್ಲೇ ಬೂದೀಲಿ ಆಡ್ಕೊಂಡಿದ್ಲು. ಮಾತು ಕಡಿಮೆ ಆಯ್ತು. ಕೂಗಿದ್ರೆ ತಿರುಗ್ತಿರ್ಲಿಲ್ಲ. ಕಿವಿ ಹೋಯ್ತೇನೋ ಅಂದ್ಕೊಂಡು ಆಸ್ಪತ್ರೆಗೆ ತೋರಿಸಿದ್ರೆ ರಕ್ತ ತೆಗೆದು ನೋಡಿದ್ರು. ರಕ್ತದಲ್ಲಿ ಸೀಸ ಐತಂತೆ. ಬೆಳೆಯೋ ಮಕ್ಕಳಿಗೆ ಅದು ಮಿದುಳಿಗೇ ಹೋಗಿ ಕೂತ್ಕೊಳ್ತದಂತೆ. ಉಣ್ಣೋ ಊಟದ ಸತ್ವಕ್ಕೂ ಅದಕ್ಕೂ ಮಕ್ಕಳ ಮೈಗೆ ವ್ಯತ್ಯಾಸ ತಿಳಿಯಲ್ವಂತೆ, ಎರಡನ್ನೂ ಒಳಗೆ ಕರ್ಕೊಳ್ತದಂತೆ."

"ಈಗ ಹೆಂಗವ್ಳೆ?"

"ಅಜ್ಜಿ ಮನೇಲವ್ಳೆ. ದೊಡ್ಡೋಳಾಗವ್ಳೆ. ಒಳ್ಳೇ ಹುಡುಗಿ. ಸಿಟ್ಟು ಬಂದ್ರೆ ಕೈಗೆ ಸಿಕ್ಕಿದ್ದು ಎಸೀತಾಳೆ, ಆಮೇಲೆ ತಾನೇ ಆರಿಸ್ಕೊಂಡು ಅಳ್ತಾಳೆ." ಅವಳು ದಾರ ಕಚ್ಚಿ ತುಂಡು ಮಾಡಿದಳು. "ಹೋದದ್ದು ವಾಪಸ್ ಬರ್ತದೆ ಅಂತ ಡಾಕ್ಟ್ರು ಹೇಳ್ಲಿಲ್ಲ. ಇನ್ನೂ ಹೋಗೋದನ್ನ ನಿಲ್ಲಿಸ್ಬೋದು ಅಂದ್ರು. ಎಷ್ಟು ಬೇಗ ನಿಲ್ಲಿಸ್ತೀವೋ ಅಷ್ಟು ಒಳ್ಳೇದು."

"ಅಮ್ಮಾ, ದಾಕ್ಷಕ್ಕ ಯಾಕೆ ಅಳ್ತಾಳೆ?" ಎಂದು ಮೇಲಿನಿಂದ ಮೈಬು ಕೇಳಿದ.

"ಸೂಜಿ ಚುಚ್ಚಿತು ಕಣೋ."

ಆ ದಿನ ಮನೆಗೆ ಬರುವಾಗ ದಾರಿಯುದ್ದಕ್ಕೂ ಎಲ್ಲರ ಮುಖ ನೋಡುತ್ತ ಬಂದೆ. ಹೋಟೆಲಿನವನು ಚಿಲ್ಲರೆ ಕೈಯಲ್ಲಿಟ್ಟುಕೊಂಡು ಯಾರಿಗೆ ಕೊಡಬೇಕೆಂದು ಮರೆತು ನಿಂತಿದ್ದ. ಸೆರಗಿನ ಗಂಟನ್ನು ಬಿಚ್ಚುತ್ತ ಕಟ್ಟುತ್ತ ಇಬ್ಬರು ಹೆಂಗಸರು ಬರುತ್ತಿದ್ದರು. ಇಷ್ಟು ವರ್ಷ ಇದನ್ನೆಲ್ಲ ನಮ್ಮೂರಿನ ಗುಣ ಎಂದುಕೊಂಡಿದ್ದೆ. ಶಾಲೆಯಲ್ಲಿ ಜಾರಿ ಹೋಗುತ್ತಿದ್ದ ಆ ಸಾಲುಗಳು ನೆನಪಾದವು. ಅವು ಜಾರದೆ ಇದ್ದಿದ್ದರೆ ನಾನು ಹೇಗಿರುತ್ತಿದ್ದೆ ಎಂದು ಯೋಚಿಸಲು ನೋಡಿದೆ. ಯಾವ ಮುಖವೂ ಕಣ್ಣಿಗೆ ಬರಲಿಲ್ಲ.

ಮನೆಯಲ್ಲಿ ಅಣ್ಣ ಹಿತ್ತಲ ಕುಲುಮೆಯಲ್ಲಿ ಸೀಸ ಕರಗಿಸುತ್ತಿದ್ದ. ಇಡೀ ಊರಿಗೆ ಗುಂಡು ಎರಕ ಹೊಯ್ದು ಕೊಡುವವನು ಅವನೇ. ಅವನ ಹೆಸರು ಮಹಾಲಿಂಗ. ಆ ದಿನದ ಎರಕ ನೀಲುವಿನದು. ಮಕ್ಕಳು ಬೆಳೆದ ಹಾಗೆಲ್ಲ ಏಳುವ ಬಲವೂ ಬೆಳೆಯುತ್ತದೆ, ಹಾಗಾಗಿ ಮೂರು ತುಂಬಿದ ಮೇಲೆ ಸೊಂಟಕ್ಕೆ ಎರಡನೆಯ ಸಾಲು ಕಟ್ಟುತ್ತಾರೆ. ಅದಕ್ಕೆ ಸೋಮವಾರ ಗೊತ್ತಾಗಿತ್ತು. ನೀಲು ಹೊಗೆಯ ಮಗ್ಗುಲಲ್ಲೇ ಕೂತು, ಕರಗಿದ ಸೀಸ ಕನ್ನಡಿಯ ಹಾಗೆ ಹೊಳೆಯುವುದನ್ನು ನೋಡುತ್ತ ಗುಂಡೊಂದನ್ನು ಚೀಪುತ್ತಿದ್ದಳು. ಅಣ್ಣ ಹಾಡು ಗುನುಗುತ್ತಿದ್ದ. ಮಗಳಿಗೆಂದು ಗುಂಡುಗಳ ಮೇಲೆ ಸಣ್ಣ ಹೂವಿನ ಅಚ್ಚು ಒತ್ತಿದ್ದ. ಬೇರೆ ಯಾರ ಮಕ್ಕಳಿಗೂ ಅವನು ಹೂವು ಒತ್ತುವುದಿಲ್ಲ.

ಊಟಕ್ಕೆ ಕೂತಾಗ ಹೇಳಿದೆ. ತಲೆ ಬಗ್ಗಿಸಿ, ತಟ್ಟೆ ನೋಡುತ್ತ, ಜೈತುನಕ್ಕನ ಹೆಸರು ಎತ್ತದೆ ಹೇಳಿದೆ. ಸೀಸ ಮಕ್ಕಳ ತಲೆಗೆ ಹೋಗುತ್ತದಂತೆ. ಎರಡನೇ ಸಾಲು ಬೇಡ. ಮೊದಲನೆಯದನ್ನೂ ಬಿಚ್ಚೋಣ. ಆ ನೀರಂತೂ ಬೇಡವೇ ಬೇಡ.

ಅಣ್ಣ ತಟ್ಟೆಯನ್ನು ಗೋಡೆಗೆ ಎಸೆದ. "ನನ್ ಕೈಯಾರೆ ಹೊಯ್ದಿದ್ದು! ನನ್ ಮಗೀಗೆ ನಾನೇ ವಿಷ ಹಾಕ್ತೀನಾ? ಯಾರು ಹೇಳಿದ್ದು ನಿಂಗೆ? ಯಾರು?" ಅತ್ತಿಗೆ ನೀಲುವನ್ನು ಎತ್ತಿಕೊಂಡು ಒಳಗೆ ಹೋದಳು. ನಾನು ಅನ್ನ ಬಳಿದೆ. ನೆಲ ಒರೆಸಿ ಮುಗಿಸುವಷ್ಟರಲ್ಲಿ ಅಣ್ಣ ಜಗಲಿಯಿಂದ ಒಳಗೆ ಬಂದು, "ದಾಕ್ಷಿ, ಊಟ ಆಯ್ತೇನೆ? ಒಂಚೂರು ಅಡಿಕೆ ಕೊಡು," ಎಂದ. ಗೋಡೆಯ ಮೇಲಿನ ಸಾರಿನ ಕಲೆಯನ್ನು ನೋಡಿ, ಇದೇನಿದು ಎಂಬಂತೆ ನನ್ನ ಮುಖ ನೋಡಿದ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಆಗಲಿಲ್ಲ. ಅವನ ಸೊಂಟಕ್ಕೂ ಹೆಚ್ಚು ಗುಂಡು ಕಟ್ಟಿದ್ದರಲ್ಲ.

ಅವ್ವ ಮಾತ್ರ ಮರೆತಿರಲಿಲ್ಲ. ಮರುದಿನ ಅಕ್ಕಿ ಆರಿಸುತ್ತ ತಾನಾಗಿಯೇ ಮಾತು ತೆಗೆದಳು.

"ಬಿಚ್ಚು ಅಂತೀಯಲ್ಲ, ಬಿಚ್ಚಿದ್ ಮ್ಯಾಲೆ?"

"ಹಗ್ಗ ಹಿಡ್ಕೊಳ್ಳಾದು ಅವ್ವ. ಆ ದರ್ಜಿ ಅಂಗಡಿಯವ್ರು ಹಿಡ್ಕೊಂಡಿಲ್ವಾ?"

"ಆ ಹುಡುಗ ಹೋದ್ ತಿಂಗಳು ಹಗ್ಗ ಬಿಚ್ಚೋಗಿ ಹುಣಸೇಮರಕ್ಕೆ ಸಿಕ್ಕಾಕ್ಕೊಂಡಿದ್ದು ಗೊತ್ತೈತಾ ನಿಂಗೆ? ಮರ ಇತ್ತು, ಉಳ್ಕೊಂಡ. ಇಲ್ದಿದ್ರೆ?" ಅವ್ವನ ಕೈ ಮೊರದಲ್ಲಿ ನಿಂತಿತು. "ನಿಂಗೂ ಇದ್ನೇ ಕಟ್ಟಿದ್ದು ಕಣೆ. ನಿಂಗೂ ಇದೇ ನೀರು ನೆಕ್ಕಿಸಿದ್ದು. ನೀನೇನ್ ಹಾಳಾಗೋದ್ಯಾ?"

"ಇಸ್ಕೂಲು ಬಿಟ್ನಲ್ಲವ್ವ."

"ಬಿಟ್ರೆ ಏನಾಯ್ತು? ಮನೇಲಿದ್ದೀಯ. ಕಣ್ಮುಂದೆ ಇದ್ದೀಯ."

ಅವ್ವ ಸುಳ್ಳು ಹೇಳಿರಲಿಲ್ಲ. ಮೇಲಕ್ಕೆ ಹೋದ ಮಗುವನ್ನು ಅವಳು ಕಣ್ಣಾರೆ ಕಂಡಿದ್ದಳು. ಒಳಗೊಳಗೇ ಹೋಗುವುದು ಯಾರ ಕಣ್ಣಿಗೂ ಕಾಣುವುದಿಲ್ಲ, ಅದಕ್ಕೆ ನುಗ್ಗೆಮರ ಹತ್ತಲೂ ಆಗುವುದಿಲ್ಲ. ಅವ್ವ ಮೊರ ಕೆಳಗಿಟ್ಟು ಮೆಲ್ಲಗೆ ಕೇಳಿದಳು. "ಸರಿ, ದಿನಾ ಯಾರು ಹಿಡೀತಾರೆ? ನಾನು ಮುದುಕಿ. ನಿಮ್ಮತ್ತಿಗೆಗೆ ಒಲೆ ಕೆಲಸ, ನಿಮ್ಮಣ್ಣಂಗೆ ಕುಲುಮೆ. ಕಂಬಕ್ಕೆ ಕಟ್ಟಿ ಬಿಟ್ರೆ ಗಾಳಿಗೆ ಸುತ್ಕೊಂಡು ಕುತ್ತಿಗೆಗೆ ಬೀಳ್ತದೆ. ಹಲ್ಲು ಬೀಳಾಗಂಟ ನೀನೊಬ್ಳೇ ನಿಂತ್ಕೋತೀಯಾ?"

"ಒಬ್ಬೊಬ್ರು ಒಂದೊಂದು ಹೊತ್ತು ಹಿಡಿದ್ರೆ ಆಗ್ತದೆ."

"ಯಾರು ಒಬ್ಬೊಬ್ರು? ಕೇಳಿದ್ದೀಯಾ ಯಾರನ್ನಾದ್ರೂ?"

ಕೇಳಿರಲಿಲ್ಲ. ಕೇಳುವುದೆಂದರೆ ನಾಲ್ಕು ಜನರ ಮುಂದೆ ಬಾಯಿ ತೆರೆಯಬೇಕು. ಅವ್ವನಿಗೆ ಅದು ಗೊತ್ತಿತ್ತು. ಅವಳು ಮತ್ತೆ ಅಕ್ಕಿಯ ಕಡೆ ತಿರುಗಿದಳು.

ಸೋಮವಾರದ ಹಿಂದಿನ ಸಂಜೆ ಅತ್ತಿಗೆ ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದಳು. ಮಂಗಳತ್ತಿಗೆ ಹೆಚ್ಚು ಮಾತಿನವಳಲ್ಲ, ಈ ಊರಲ್ಲೇ ಹುಟ್ಟಿದವಳು. ಮಡಚಿದ ಲಂಗವನ್ನೇ ಮತ್ತೆ ಮಡಚುತ್ತ ಕೇಳಿದಳು. "ದಾಕ್ಷಿ, ನೀಲು ನನ್ನನ್ನ ಅಮ್ಮ ಅಂತ ಕರೆದು ಎಷ್ಟು ದಿನ ಆಯ್ತು? ನಂಗೆ ನೆಪ್ಪಾಗ್ತಿಲ್ಲ. ನಿಂಗೇನಾದ್ರೂ ನೆಪ್ಪೈತಾ?"

ನನಗೆ ನೆನಪಿತ್ತು. ದೀಪಾವಳಿಯ ಹಂಡೆಯ ನೀರು ಕಾಯುವಾಗ "ಅಮ್ಮಾ, ನೀಲು ಕುದೀತೈತೆ" ಎಂದು ನೀರಿಗೆ ತನ್ನ ಹೆಸರನ್ನೇ ಇಟ್ಟು ಕೂಗಿದ್ದಳು. ಅದೇ ಕೊನೆ. ನಾನು ಅದನ್ನು ಹೇಳಲಿಲ್ಲ. "ನಾಳೆ ಎರಡನೇ ಸಾಲು ಕಟ್ಟಬಾರದು ಅತ್ತಿಗೆ" ಎಂದೆ. ಅವಳು ಬಟ್ಟೆ ಎತ್ತಿಕೊಂಡು ಒಳಗೆ ಹೋದಳು. ನಾನು ನೇರವಾಗಿ ಜೈತುನಕ್ಕನ ಅಂಗಡಿಗೆ ಹೋಗಿ, ಮೈಬುಗೆ ಚಿಕ್ಕದಾದ ಹಳೆಯ ಅಂಗಿಯನ್ನೂ ಅಂಚಿನ ಹಗ್ಗವನ್ನೂ ಕೇಳಿ ತಂದೆ. "ಅಂಗೈಗೆ ಬಟ್ಟೆ ಸುತ್ಕೋ ತಂಗಿ, ಮೊದಮೊದಲು ಚರ್ಮ ಕಿತ್ತು ಬರ್ತದೆ," ಎಂದು ಹೇಳಿ ಒಂದು ತುಂಡು ಖಾದಿ ಕೊಟ್ಟಳು. ಬಾ ಎಂದು ನಾನು ಕರೆಯಲಿಲ್ಲ, ಬರುತ್ತೇನೆಂದು ಅವಳು ಅನ್ನಲಿಲ್ಲ. ಬಂದರೂ ಅವಳ ಸೊಂಟದಲ್ಲಿ ಅವಳದೇ ಹಗ್ಗವಿತ್ತು.

ಸೋಮವಾರ ಬೆಳಿಗ್ಗೆ ಬೀದಿಯವರೆಲ್ಲ ಬಂದರು. ಅಂಗಳದಲ್ಲಿ ಚಾಪೆ ಹಾಸಿತ್ತು, ಜಗಲಿಯ ಮೇಲೆ ಗಂಡಸರು ಕೂತಿದ್ದರು. ಹೂವಿನ ಅಚ್ಚಿನ ಗುಂಡುಗಳ ಸಾಲನ್ನು ಅಣ್ಣ ತಟ್ಟೆಯಲ್ಲಿಟ್ಟು ಎಲ್ಲರಿಗೂ ತೋರಿಸುತ್ತಿದ್ದ.

"ಏನಪ್ಪಾ ಮಾಲಿಂಗ, ಮಗಳಿಗೆ ಹೂವು, ನನ್ ಮೊಮ್ಮಗಂಗೆ ಬರೀ ಗುಂಡಾ?" ಎಂದಳು ಗಂಗಮ್ಮ.

"ನಿನ್ ಮೊಮ್ಮಗ ಹೂವ ಒತ್ತಿದ್ರೆ ತಿಂದಾಕ್ತಾನೆ ಗಂಗಮ್ಮತ್ತೆ."

"ಈಗ್ಲೇ ಎರಡು ಗುಂಡು ನುಂಗವ್ನೆ ಮುಂಡೇದು. ಹುಡುಕಾಕೆ ದಿನಾ ಬೆಳಿಗ್ಗೆ ನನ್ನೇ ಕಳಿಸ್ತಾಳೆ ಸೊಸೆ." ಎಲ್ಲರೂ ನಕ್ಕರು. ಅವಳ ಮೊಮ್ಮಗ ಅವಳ ಕಾಲಿಗೆ ಒರಗಿ, ಯಾರು ನಕ್ಕರೆಂದೂ ನೋಡದೆ ಕೂತಿದ್ದ.

ಅವ್ವ ನೀಲುವಿಗೆ ಎಣ್ಣೆ ಹಚ್ಚಿ ನೀರು ಹಾಕಿದಳು, ನಾನು ಒಳಗೆ ಬಟ್ಟೆ ತೊಡಿಸಿ ತಂದೆ. ಅವ್ವ ಹೊಸಿಲ ಹತ್ತಿರ ಕೂತು, ಅವಳನ್ನು ಹಿಡಿದುಕೊಳ್ಳಲು ನನಗೆ ಹೇಳಿ, ಹಳೆಯ ಉಡಿದಾರದ ಗಂಟು ಬಿಚ್ಚಿದಳು. ದಾರದಿಂದ ಜಾರಿ ಗುಂಡುಗಳು ಪಕ್ಕದ ಬಟ್ಟಲಿಗೆ ಬಿದ್ದ ಸದ್ದಿಗೆ ಅಂಗಳದ ಮಾತೆಲ್ಲ ನಿಂತುಹೋಯಿತು. ತೂಕ ಬಿಚ್ಚಿತ್ತು. ಇನ್ನು ಯಾರೂ ಮಾತಾಡುವಂತಿಲ್ಲ.

ನಾನು ಅವಳಿಗೆ ಮೈಬುವಿನ ಅಂಗಿಯನ್ನು ಒಳಗೇ ತೊಡಿಸಿದ್ದೆ, ಮೇಲೆ ಲಂಗ ಇಳಿಬಿಟ್ಟಿದ್ದೆ. ಸೆರಗಿನ ಮರೆಯಲ್ಲಿದ್ದ ಹಗ್ಗವನ್ನು ಅಂಗಿಗೆ ಸಿಕ್ಕಿಸಿ, ಖಾದಿ ಕಟ್ಟಿದ ಅಂಗೈಗೆ ಸುತ್ತಿಕೊಂಡೆ. ಅವ್ವ ಹೊಸ ಸಾಲು ಎತ್ತಿಕೊಳ್ಳಲು ಅಣ್ಣನ ಕೈಯ ತಟ್ಟೆಯ ಕಡೆ ತಿರುಗಿದಳು. ನಾನು ಎದ್ದು ಹೊಸಿಲು ದಾಟಿ ಅಂಗಳದ ನಡುವೆ ಹೋಗಿ ನಿಂತು ಕೈ ಸಡಿಲಿಸಿದೆ.

ನೀಲು ಎದ್ದಳು. ಮೊದಲು ನನ್ನ ಹೆಗಲಿಗೆ, ಆಮೇಲೆ ಸೂರಿನ ಅಂಚಿಗೆ, ಆಮೇಲೆ ಹೆಂಚಿಗಿಂತ ಮೇಲೆ. ಹಗ್ಗ ಬಿಗಿದು ನಿಂತಿತು. ಲಂಗ ಗಾಳಿಗೆ ತುಂಬಿಕೊಂಡಿತು. ಅಂಗಳದಲ್ಲಿ ಅಷ್ಟು ಜನ ಒಟ್ಟಿಗೆ ಉಸಿರೆಳೆದದ್ದು ಕೇಳಿಸಿತು, ಆದರೆ ಒಬ್ಬರೂ ಕೂಗಲಿಲ್ಲ. ಅಣ್ಣ ತಟ್ಟೆ ಹಿಡಿದುಕೊಂಡೇ ನನ್ನೆದುರಿಗೆ ಬಂದ. ಅವನ ಮುಖ ಕೆಂಪಾಗಿತ್ತು, ಬಾಯಿ ತೆರೆದಿತ್ತು. ನೇಮ ಅವನನ್ನು ತಡೆದಿತ್ತು. ಹಗ್ಗಕ್ಕೆ ಕೈ ಹಾಕಿದರೆ ಎಳೆದಾಟದಲ್ಲಿ ಕೈ ತಪ್ಪೀತೆಂದು ಅವನಿಗೂ ಗೊತ್ತಿತ್ತು. ಗುಂಡುಗಳನ್ನು ನನ್ನ ಕಾಲ ಬುಡಕ್ಕೆ ಸುರಿದು, ಬೆನ್ನು ಹಾಕಿ ಹೋಗಿ ಜಗಲಿಯ ಮೂಲೆಯಲ್ಲಿ ಕೂತ.

ಶಾಲೆ ಬಿಟ್ಟಾಗಿನಿಂದ ನಾನು ನಾಲ್ಕು ಜನರ ಮುಂದೆ ಮಾತಾಡಿದವಳಲ್ಲ. ಈಗ ಇಡೀ ಬೀದಿ ನನ್ನೆದುರಿಗಿತ್ತು, ನಡುವೆ ಬಾಯಿ ಹಾಕುವವರು ಯಾರೂ ಇರಲಿಲ್ಲ. ಬಾಯಿ ಒಣಗಿತ್ತು, ಆದರೂ ಮಾತು ಬಂತು. ಸೀಸ ಬೆಳೆಯೋ ಮಕ್ಕಳ ತಲೆಗೆ ಹೋಗ್ತದಂತೆ ಅಂದೆ. ನೀಲು ಇರುವೆಗೆ ಹೆಸರಿಟ್ಟಿದ್ದನ್ನು ಹೇಳಿದೆ, ಆ ಹೆಸರು ಹೋದದ್ದನ್ನು ಹೇಳಿದೆ. ಹೋದದ್ದು ಬರ್ತದೋ ಇಲ್ವೋ ನಂಗೊತ್ತಿಲ್ಲ, ಇರೋದಾದ್ರೂ ಉಳೀಲಿ ಅಂದೆ. ಗಂಗಮ್ಮತ್ತೆ, ನಿನ್ ಮೊಮ್ಮಗನೂ ಹೋದ್ ವರ್ಷ ಬೀದಿ ನಾಯಿಗೆಲ್ಲ ಮಾವ ಅಂತಿದ್ದ, ನೆನಪು ಮಾಡ್ಕೊ ಅಂದೆ. ಗಂಗಮ್ಮ ತನ್ನ ಕಾಲಿಗೆ ಒರಗಿದ್ದ ಹುಡುಗನನ್ನು ನೋಡಿದಳು. ಅವಳ ಕೈ ಅವನ ತಲೆಯ ಮೇಲೆ ಹೋಯಿತು.

ಬಿಸಿಲೇರಿತು. ಯಾರೂ ಎದ್ದು ಹೋಗಲಿಲ್ಲ. ತೂಕ ಬಿಚ್ಚಿದ ಮಗು ಇರುವ ಕಡೆಯಿಂದ ಎದ್ದು ಹೋಗುವುದೂ ಅಪಚಾರವೇ. ಗಾಳಿ ಬೀಸಿದಾಗಲೆಲ್ಲ ಹಗ್ಗ ನನ್ನನ್ನು ಎರಡು ಹೆಜ್ಜೆ ಎಳೆಯುತ್ತಿತ್ತು. ಮೂರು ವರ್ಷದ ಮಗು ಇಷ್ಟು ಬಲವಾಗಿ ಎಳೆಯುತ್ತದೆಂದು ನಾನು ಎಣಿಸಿರಲಿಲ್ಲ. ಖಾದಿಯ ತುಂಡು ಒದ್ದೆಯಾಗಿ ಜಾರತೊಡಗಿತ್ತು. ಬೆವರೋ ರಕ್ತವೋ ನೋಡಲಿಲ್ಲ. ಅತ್ತಿಗೆ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದಳು. ಅವ್ವ ಹೊಸಿಲ ಮೇಲೆ ಕೂತವಳು ಕೂತೇ ಇದ್ದಳು, ನೆಲ ನೋಡುತ್ತ, ಖಾಲಿ ಉಡಿದಾರವನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ.

ನಮ್ಮ ಅಂಗಳದ ಬೇವಿನ ಮರದ ಕೊಂಬೆಯೊಂದು ಸೂರಿನ ಮೇಲೆ ಚಾಚಿದೆ. ಗಾಳಿ ನೀಲುವನ್ನು ಅದರ ಹತ್ತಿರಕ್ಕೆ ಒಯ್ದಿತು. ನಾನು ಮೆಲ್ಲಗೆ ಎಳೆಯುತ್ತ ಸೂರಿನ ಕಡೆ ಸರಿದೆ. ಅವಳು ಬಹಳ ಹೊತ್ತು ಎಲೆಗಳನ್ನೇ ನೋಡಿದಳು. ಆಮೇಲೆ ಕೈ ಚಾಚಿ ಒಂದು ಎಸಳು ಕಿತ್ತುಕೊಂಡಳು. ಬಾಯಿಗೆ ಹಾಕಿಕೊಳ್ಳುತ್ತಾಳೆ ಎಂದುಕೊಂಡೆ. ಅವಳು ಅದನ್ನು ತಿರುಗಿಸಿ ನೋಡಿ, ಕೆಳಗೆ ನೋಡಿ, ಬಿಟ್ಟಳು. ಅದು ಸುತ್ತುತ್ತ ಬಂದು ಅವ್ವನ ತಲೆಯ ಮೇಲೆ ಬಿತ್ತು.

ಅವ್ವ ಎಲೆಯನ್ನು ಕೈಯಲ್ಲಿ ತೆಗೆದುಕೊಂಡಳು. ಮತ್ತೊಂದು ಬಿತ್ತು. ಅವಳು ಕತ್ತು ಎತ್ತಿದಳು. ಸೂರು ದಾಟಿ, ಕೊಂಬೆ ದಾಟಿ, ಮೇಲೆ ನೋಡಿದಳು. ಬಿಸಿಲಿಗೆ ಕಣ್ಣಲ್ಲಿ ನೀರು ಬಂದರೂ ರೆಪ್ಪೆ ಹೊಡೆಯದೆ ನೋಡುತ್ತಲೇ ಇದ್ದಳು. ಮೇಲಿನಿಂದ ಒಂದು ಸಣ್ಣ ಕೇಕೆ ಕೇಳಿಸಿತು, ಅರ್ಧಕ್ಕೆ ನಿಂತಿತು.

ಆಗ ಪಡುವಣದ ಗಾಳಿ ಏರಿ ಹಗ್ಗ ಒಂದು ಸುತ್ತು ಜಾರಿತು. ಎರಡು ಕೈಯಲ್ಲೂ ಹಿಡಿದು ಮೊಣಕಾಲೂರಿ ಕೂತೆ. ನನ್ನ ಸುತ್ತ ಅಣ್ಣ ಸುರಿದ ಹೂವಿನ ಗುಂಡುಗಳು ಬಿದ್ದಿದ್ದವು. ಯಾರಾದರೂ ಒಬ್ಬರು ಬನ್ನಿ, ಸ್ವಲ್ಪ ಹೊತ್ತು ಹಿಡಿದುಕೊಳ್ಳಿ ಎಂದೆ. ಕರೆದರೆ ಓಗೊಡಬಾರದೆಂಬ ನೇಮ ಅವರನ್ನೂ ಹಿಡಿದಿತ್ತು, ಗಂಡಸರು ಜಗಲಿಯ ಕಂಬ ನೋಡಿದರು. ಗಂಗಮ್ಮ ಮೊಮ್ಮಗನ ಉಡಿದಾರದ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ಅತ್ತಿಗೆ ಚೌಕಟ್ಟು ಬಿಟ್ಟು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು, ಜಗಲಿಯ ಮೂಲೆಯಲ್ಲಿ ಕೂತ ಗಂಡನ ಕಡೆ ನೋಡಿದಳು, ಅಲ್ಲೇ ನಿಂತಳು. ಅವ್ವ ಮೇಲೆಯೇ ನೋಡುತ್ತಿದ್ದಳು.

ನಾನು ಇನ್ನೊಮ್ಮೆ ಕೇಳಿದೆ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ.

"ಕೈ ಸೋಲ್ತಾ ಐತೆ. ಒಬ್ರು ಬಂದು ಈ ಹಗ್ಗ ಹಿಡ್ಕೊಳ್ಳಿ."